ಮಾಲ್ಡೀವ್ಸ್‌ಗೆ ಟಿಕೆಟ್ ಮಾಡಿಸಿರುವ ಕನ್ನಡಿಗರಿಗೆ: ಎರಡು ರಾತ್ರಿ ಅಲ್ಲಿನ ಊರಲ್ಲಿ ಉಳಿಯಿರಿ

ಟಿಕೆಟ್ ಮಾಡಿಸಿದವರಿಗೆ, ಮಾಡಿಸಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ನಮಸ್ಕಾರ.

ಮದುವೆ ಸೀಸನ್ ಶುರುವಾದರೆ ನನಗೆ ಫೋನುಗಳೂ ಶುರು. "ನೀವು ಮಾಲ್ಡೀವ್ಸ್‌ನಲ್ಲಿ ಕೆಲಸಕ್ಕಿದ್ದಿರಂತಲ್ಲ, ಯಾವ ರೆಸಾರ್ಟ್ ಚೆನ್ನಾಗಿದೆ?" ಅಂತ ಕೇಳುತ್ತಾರೆ. ನೀರಿನ ಮೇಲಿನ ವಿಲ್ಲಾ ಎಷ್ಟಕ್ಕೆ ಸಿಗುತ್ತೆ, ವೆಜ್ ಊಟ ಸಿಗುತ್ತಾ, ಸೀಪ್ಲೇನಿಗೆ ಬೇರೆ ದುಡ್ಡಾ? ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಅಲ್ಲಿನ ಜನ ಹೇಗಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನೆಂಟರ ಹುಡುಗನೊಬ್ಬ "ಅಲ್ಲಿ ಲೋಕಲ್ ಜನ ಅಂತ ಇದ್ದಾರಾ?" ಅಂದೇಬಿಟ್ಟ. ಅವನ ತಪ್ಪೇನೂ ಇಲ್ಲ. ಅವನು ನೋಡಿದ ಜಾಹೀರಾತುಗಳಲ್ಲಿ ನೀರಿದೆ, ಮರಳಿದೆ, ಒಂದು ಜೋಡಿ ಇದೆ. ಮನುಷ್ಯರು ಬೇರೆ ಯಾರೂ ಇಲ್ಲ.

ಹೋಗಬೇಡಿ ಅನ್ನುವ ಪತ್ರ ಇದಲ್ಲ. ನಾಲ್ಕು ರಾತ್ರಿಯ ಪ್ಯಾಕೇಜ್ ಇದ್ದರೆ ಎರಡು ರಾತ್ರಿ ರೆಸಾರ್ಟಿಗೆ ಕೊಡಿ. ಇನ್ನೆರಡನ್ನು ಜನ ವಾಸವಿರುವ ದ್ವೀಪದ ಗೆಸ್ಟ್‌ಹೌಸಿಗೆ ಕೊಡಿ. ಕೇಳುವುದು ಇಷ್ಟೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಜಾಗದ ವಿಷಯ. ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ಊರು ಕಟ್ಟಿಕೊಂಡು ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿ.ಮೀ.ಗಿಂತ ಜಾಸ್ತಿ. ಅಂದರೆ ಬೀದರ್‌ನಿಂದ ಚಾಮರಾಜನಗರಕ್ಕಿಂತಲೂ ಉದ್ದ. ಆದರೆ ಎಲ್ಲ ದ್ವೀಪಗಳ ನೆಲ ಕೂಡಿಸಿದರೆ ಸುಮಾರು 300 ಚದರ ಕಿ.ಮೀ. ಮಾತ್ರ, ಬೆಂಗಳೂರು ನಗರದ ಅರ್ಧವೂ ಆಗುವುದಿಲ್ಲ. ಉಳಿದದ್ದೆಲ್ಲ ಸಮುದ್ರ. ವಿಮಾನ ಕೆಳಗಿಳಿಯುವಾಗ ಕಿಟಕಿಯಿಂದ ನೋಡಿ: ಒಡೆದ ಬಳೆಯ ಚೂರುಗಳನ್ನು ಮತ್ತೆ ದುಂಡಗೆ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಒಂದೊಂದು ಬಳೆಯೂ ಒಂದು ಹವಳದ ಉಂಗುರ, ಅಟಾಲ್. ಇಂಥವು 26 ಇವೆ.

ಈ ಉಂಗುರಗಳ ಅಡಿಯಲ್ಲಿ ಏನಿದೆ ಗೊತ್ತಾ? ಹಳೆಯ ಜ್ವಾಲಾಮುಖಿ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯಾಳದಿಂದ ಮೇಲೇಳುವ ಬಿಸಿ ಕಲ್ಲಿನ ಒಂದು ಬುಗ್ಗೆ ದಖ್ಖನ್ ಮೇಲೆ ಲಾವಾ ಸುರಿಸಿತು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಗಲ್ಲು, ಜೋಳ ಬೆಳೆಯುವ ಕರಿಮಣ್ಣು ಅದರದ್ದೇ. ಆಮೇಲೆ ನೆಲ ಉತ್ತರಕ್ಕೆ ಸರಿಯುತ್ತಾ ಹೋಯಿತು, ಬುಗ್ಗೆ ಇದ್ದಲ್ಲೇ ಉಳಿಯಿತು. ಅದರ ಮೇಲೆ ಹಾದುಹೋದ ಸಮುದ್ರತಳದಲ್ಲಿ ಸಾಲಾಗಿ ಬೆಟ್ಟಗಳೆದ್ದವು. ಆ ಸಾಲಿನ ಮೇಲೇ ಈಗ ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್ ಇರುವುದು. ಆ ಬುಗ್ಗೆ ಇವತ್ತಿಗೂ ರಿಯೂನಿಯನ್ ದ್ವೀಪದಲ್ಲಿ ಬೆಂಕಿ ಉಗುಳುತ್ತಿದೆ. ಬೆಟ್ಟಗಳು ಮೆಲ್ಲಗೆ ಮುಳುಗಿದವು, ಹವಳ ಮಾತ್ರ ಬೆಳಕಿನ ಆಸೆಗೆ ಮೇಲೆ ಮೇಲೆ ಬೆಳೆಯಿತು. ಆ ಲೆಕ್ಕದಲ್ಲಿ ಬಿಜಾಪುರದವರಿಗೆ ಮಾಲ್ಡೀವ್ಸ್ ದೂರದ ಊರಲ್ಲ!

ಇನ್ನು ಆ ಬಿಳಿ ಮರಳು. ನಮ್ಮ ಮಲ್ಪೆ, ಗೋಕರ್ಣದ ಮರಳಿಗೆ ನದಿ ಬೇಕು, ಬೆಟ್ಟ ಬೇಕು. ಅಲ್ಲಿ ಎರಡೂ ಇಲ್ಲ. ಅಲ್ಲಿ ಮರಳು ಮಾಡುವುದು ಮೀನು. ಗಿಳಿಯ ಕೊಕ್ಕಿನಂಥ ಹಲ್ಲಿರುವ, ಹಸಿರು ನೀಲಿ ಬಣ್ಣದ ಪ್ಯಾರಟ್‌ಫಿಶ್. ಹವಳದ ಮೇಲಿನ ಪಾಚಿಗಾಗಿ ಅದು ಸತ್ತ ಹವಳವನ್ನೇ ಕಚ್ಚಿ ಅರೆದು ನುಂಗುತ್ತದೆ, ಹಿಂದಿನಿಂದ ಪುಡಿ ಬಿಡುತ್ತದೆ. ನೀರಿನೊಳಗೆ ಕಿವಿಗೊಟ್ಟರೆ ಕಟಕಟ ಅಂತ ಕಚ್ಚುವ ಸದ್ದೂ ಕೇಳಿಸುತ್ತದೆ. ವಕ್ಕರು ಎಂಬ ದ್ವೀಪದ ಸುತ್ತ ನಡೆದ ಅಧ್ಯಯನವೊಂದರ ಪ್ರಕಾರ ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಈ ಮೀನಿನ ಕೊಡುಗೆ. ಹನಿಮೂನ್ ಫೋಟೊದಲ್ಲಿ ಕಾಲ ಕೆಳಗಿರುವುದು ಏನು ಅಂತ ಜೊತೆಗಿರುವವರಿಗೆ ಹೇಳುವುದೋ ಬಿಡುವುದೋ ನಿಮಗೇ ಬಿಟ್ಟಿದ್ದು. ಆದರೆ ಊಟದ ಮೆನುವಿನಲ್ಲಿ ಅದರ ಹೆಸರು ಕಂಡರೆ ಬೇಡ ಅನ್ನಿ. ಟ್ಯೂನಾ ತಿನ್ನಿ, ಅಲ್ಲಿ ಅದಕ್ಕೆ ಬರವಿಲ್ಲ.

ಆ ಮರಳು ಒಂದೇ ಕಡೆ ಕೂತಿರುವುದೂ ಇಲ್ಲ. ನೈರುತ್ಯ ಮುಂಗಾರಿನ ಅಲೆ ಹೊಡೆಯುವಾಗ ಮರಳು ದ್ವೀಪದ ಒಂದು ಮಗ್ಗುಲಿಗೆ ಸರಿಯುತ್ತದೆ. ಈಶಾನ್ಯದ ಗಾಳಿ ಬಂದಾಗ ಇನ್ನೊಂದು ಮಗ್ಗುಲಿಗೆ ವಾಪಸು. ಹೀಗೆ ವರ್ಷಕ್ಕೊಮ್ಮೆ ದ್ವೀಪ ಮೈ ಹೊರಳಿಸುತ್ತದೆ. ಹಿಂದಿನವರು ಇದನ್ನು ಬಲ್ಲವರು, ಮನೆಗಳನ್ನು ಅಂಚಿನಿಂದ ಒಳಗೆ ಕಟ್ಟುತ್ತಿದ್ದರು. ರೆಸಾರ್ಟಿಗೆ ಹಾಗಾಗುವುದಿಲ್ಲವಲ್ಲ. ಕೋಣೆ ಅಂಚಿನಲ್ಲೇ ಬೇಕು, ಕೋಣೆಯ ಮುಂದೆ ಹನ್ನೆರಡು ತಿಂಗಳೂ ಬೀಚ್ ಇರಬೇಕು. ಅದಕ್ಕೇ ಮರಳಿನ ಚೀಲ, ಕಲ್ಲಿನ ಗೋಡೆ, ಪಂಪು. ಗೋಡೆ ಕಟ್ಟಿದಲ್ಲಿ ಮರಳು ನಿಲ್ಲುತ್ತದೆ, ಪಕ್ಕದಲ್ಲಿ ಕೊರೆಯುತ್ತದೆ. ಉಳ್ಳಾಲ, ಮರವಂತೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲ್ಕೊರೆತಕ್ಕೆ ಲೋಡುಗಟ್ಟಲೆ ಕಲ್ಲು ಸುರಿಯುವುದನ್ನು ಪ್ರತಿ ಮಳೆಗಾಲ ನೋಡಿದವರು ಅವರು.

ಈ ಗಾಳಿ ಮಳೆಯ ಲೆಕ್ಕಕ್ಕೆ ಅಲ್ಲಿನ ಮೀನುಗಾರರು ಒಂದು ಕ್ಯಾಲೆಂಡರ್ ಇಟ್ಟುಕೊಂಡಿದ್ದಾರೆ. ಹೆಸರು 'ನಕೈ'. ಅಸ್ಸಿದ, ಬುರುನು, ಕೆತಿ, ರೋನು... ಹೀಗೆ 27, ಒಂದೊಂದಕ್ಕೂ 13 ಅಥವಾ 14 ದಿನ. ಒಬ್ಬ ಹಿರಿಯರು ಒಂದೊಂದಾಗಿ ಹೇಳುತ್ತಾ ಹೋದಾಗ ನಾನು ಜೊತೆಗೇ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಅಂತ ಎಣಿಸಿದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಮ್ಮ ಅಶ್ವಿನಿ ಮಳೆ ಏಪ್ರಿಲ್ 13-14ರ ಸುಮಾರಿಗೆ ಹುಟ್ಟುತ್ತದೆ, ಅವರ ಅಸ್ಸಿದ ಏಪ್ರಿಲ್ 8ಕ್ಕೆ. ಯಾವ ನಕೈಯಲ್ಲಿ ಕಡಲು ಕೆರಳುತ್ತದೆ, ಯಾವಾಗ ಮೀನು ಜಾಸ್ತಿ, ಯಾವಾಗ ದೋಣಿ ದಡ ಹತ್ತಿಸಬೇಕು ಎಲ್ಲಕ್ಕೂ ಮಾತುಗಳಿವೆ, ನಮ್ಮಲ್ಲಿ ಆರಿದ್ರಾ ಮಳೆ ಆರದೇ ಸುರಿಯುತ್ತೆ ಅನ್ನುವ ಹಾಗೆ. 1153ರಲ್ಲಿ ಇಸ್ಲಾಂಗೆ ಬಂದ ದೇಶ ಅದು, ಅದಕ್ಕೆ ಮುಂಚೆ ಬೌದ್ಧರು. ನಕ್ಷತ್ರಗಳನ್ನು ಮಾತ್ರ ಕೈಬಿಡಲಿಲ್ಲ. ಇಂಥದ್ದು ರೆಸಾರ್ಟಿನ ರಿಸೆಪ್ಷನ್‌ನಲ್ಲಿ ಸಿಗುವುದಿಲ್ಲ. ಊರಿನ ಕಡಲ ದಂಡೆಯಲ್ಲಿ ಮರದ ಕೆಳಗೆ ಚೌಕಟ್ಟಿಗೆ ಹಗ್ಗದ ಬಲೆ ಬಿಗಿದು ಮಾಡಿದ ಆಸನಗಳಿರುತ್ತವೆ. ಸಂಜೆ ಹೋಗಿ ಅಲ್ಲಿ ಕೂತರೆ ಸಾಕು, ಮಾತು ತಾನಾಗಿ ಶುರುವಾಗುತ್ತದೆ. ಇಂಗ್ಲಿಷ್ ನಡೆಯುತ್ತದೆ, ಎಷ್ಟೋ ಜನಕ್ಕೆ ಹಿಂದಿಯೂ ಬರುತ್ತದೆ. ಸಿನಿಮಾ ಕೃಪೆ.

"ಮುಳುಗಿ ಹೋಗುವ ಮುಂಚೆ ನೋಡಿಕೊಂಡು ಬರೋಣ" ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಈ ಮಾತನ್ನು ಅಲ್ಲಿ ಹೋಗಿ ಆಡಬೇಡಿ. ಹಾಸಿಗೆ ಹಿಡಿದವರ ಮುಂದೆ ಹಾಗೆ ಮಾತಾಡುತ್ತೇವಾ? ಭಯ ಸುಳ್ಳಲ್ಲ. ನೆಲದ ಎತ್ತರ ಸರಾಸರಿ ಒಂದೂವರೆ ಮೀಟರ್. 1987ರಲ್ಲಿ ದೊಡ್ಡ ಅಲೆಗಳು ರಾಜಧಾನಿ ಮಾಲೆಯೊಳಕ್ಕೇ ನುಗ್ಗಿದವು. ಅದೇ ವರ್ಷ ಅಲ್ಲಿನ ಅಧ್ಯಕ್ಷರು ವಿಶ್ವಸಂಸ್ಥೆಯಲ್ಲಿ ನಿಂತು ಈ ವಿಷಯ ಹೇಳಿದರು. 2004ರ ಸುನಾಮಿಯಲ್ಲಿ ಕಂದೊಲ್ಹುದೂ ಎಂಬ ದ್ವೀಪ ಎಷ್ಟು ಹಾಳಾಯಿತೆಂದರೆ ಇಡೀ ಊರು ಎದ್ದು ದುವಾಫರು ಎಂಬ ಬೇರೆ ದ್ವೀಪಕ್ಕೆ ಹೋಯಿತು. 2009ರಲ್ಲಿ ಮಂತ್ರಿಗಳು ನೀರಿನೊಳಗೆ ಸಂಪುಟ ಸಭೆ ಮಾಡಿದ ಫೋಟೊ ನೀವೂ ನೋಡಿರುತ್ತೀರಿ. ಆದರೆ ಹವಳ ಬದುಕಿದ್ದರೆ, ಮರಳು ಓಡಾಡಲು ಜಾಗ ಇದ್ದರೆ, ದ್ವೀಪಗಳು ಸಮುದ್ರಕ್ಕೆ ತಕ್ಕಂತೆ ಆಕಾರ ಬದಲಿಸಿಕೊಳ್ಳುತ್ತವೆ. ಅಳೆದು ನೋಡಿದ ಎಷ್ಟೋ ಹವಳದ ದ್ವೀಪಗಳು ಕಳೆದ ಕೆಲವು ದಶಕಗಳಲ್ಲಿ ಕುಗ್ಗಿಲ್ಲ. ಹವಳ ಬದುಕಿರಬೇಕು ಅನ್ನುವುದೇ ಕಷ್ಟದ ಮಾತು. 1998ರಲ್ಲಿ ಸಮುದ್ರ ಬಿಸಿಯಾಗಿ ಕಡಿಮೆ ಆಳದ ಹವಳದ ಬಹುಪಾಲು ಬಿಳಿಚಿ ಸತ್ತಿತು. ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ 2016 ಬಂತು. 2024ರಲ್ಲಿ ಮತ್ತೆ.

ಹವಳ ಅಂದರೆ ಕಲ್ಲಲ್ಲ, ಜೀವ. ಈಜು ಬಾರದ ನಮ್ಮವರು ಲೈಫ್ ಜಾಕೆಟ್ ಹಾಕಿ ಇಳಿಯುತ್ತಾರೆ, ಬಾಯಿಗೆ ಉಪ್ಪುನೀರು ಹೋದ ತಕ್ಷಣ ಗಾಬರಿಯಾಗಿ ಕಾಲಿಗೆ ಸಿಕ್ಕಿದ್ದರ ಮೇಲೆ ನಿಂತುಬಿಡುತ್ತಾರೆ. ಕರಕ್ ಅಂತ ಮುರಿಯುತ್ತದೆ. ಎಷ್ಟೋ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದೇ ಒಂದೆರಡು ಸೆಂಟಿಮೀಟರ್, ಕೆಲವು ಅದಕ್ಕಿಂತಲೂ ಕಡಿಮೆ. ಹೋಗುವ ಮುಂಚೆ ಇಲ್ಲೇ ಯಾವುದಾದರೂ ಈಜುಕೊಳದಲ್ಲಿ ಮಾಸ್ಕ್ ಹಾಕಿ ಉಸಿರಾಡುವುದನ್ನು ಕಲಿಯಿರಿ. ಆಸೆ ಇದ್ದರೆ ಮುರ್ಡೇಶ್ವರದ ಹತ್ತಿರದ ನೇತ್ರಾಣಿಗೆ ಹೋಗಿ, ಅಲ್ಲೂ ಹವಳ ಇದೆ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಈಜುಬಟ್ಟೆ ಹಾಕಿ.

ನೀರಿನ ವಿಷಯಕ್ಕೆ ಬರುತ್ತೇನೆ. ಸುತ್ತ ನೀರು, ಕುಡಿಯಲು ಇಲ್ಲ. ಮಳೆನೀರು ಮರಳಿನಲ್ಲಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಲ್ಲುತ್ತದೆ, ಹಿಂದೆ ಬಾವಿಗಳಿಗೆ ಅದೇ ಆಧಾರ. ಮಾಲೆಯಲ್ಲಿ ಜನ ಹೆಚ್ಚಾಗಿ ಅದು ಕೆಟ್ಟಿತು. ಈಗ ಅಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರವೇ ಗತಿ. 2014ರ ಡಿಸೆಂಬರ್‌ನಲ್ಲಿ ಆ ಘಟಕಕ್ಕೆ ಬೆಂಕಿ ಬಿತ್ತು. ಲಕ್ಷಕ್ಕೂ ಹೆಚ್ಚು ಜನರಿಗೆ ಒಂದೇ ಏಟಿಗೆ ನಲ್ಲಿ ನಿಂತಿತು. ಭಾರತ ವಿಮಾನದಲ್ಲಿ ಬಾಟಲಿ ನೀರು ಕಳಿಸಿತು, ನೌಕಾಪಡೆಯ ಹಡಗು ಹೋಯಿತು. 'ಆಪರೇಷನ್ ನೀರ್' ಅಂತ ಹೆಸರು. ರೆಸಾರ್ಟಿನಲ್ಲಿ ಮೂರು ಹೊತ್ತು ಶವರ್ ಬಿಟ್ಟುಕೊಂಡು ನಿಂತಾಗ ಆ ನೀರಿನ ಉಪ್ಪು ತೆಗೆಯಲು ಹೊರಗೆ ಡೀಸೆಲ್ ಉರಿಯುತ್ತಿರುತ್ತದೆ ಅನ್ನುವುದಷ್ಟು ನೆನಪಿರಲಿ.

ಉಳಿದದ್ದೂ ಹಾಗೇ, ಹಡಗಿನಲ್ಲೇ ಬರಬೇಕು. 2024-25ನೇ ಸಾಲಿಗೆ ಭಾರತ ಮಾಲ್ಡೀವ್ಸ್‌ಗೆಂದೇ ತೆಗೆದಿಟ್ಟ ರಫ್ತಿನ ಪಟ್ಟಿಯಲ್ಲಿ ಅಕ್ಕಿ, ಈರುಳ್ಳಿ, ಆಲೂಗಡ್ಡೆ, ಸಕ್ಕರೆ ಇದ್ದವು, 42 ಕೋಟಿಗೂ ಹೆಚ್ಚು ಮೊಟ್ಟೆ ಇತ್ತು. ಜೊತೆಗೆ 10 ಲಕ್ಷ ಟನ್ ನದಿ ಮರಳು, ಅಷ್ಟೇ ಜಲ್ಲಿ. ಮರಳಿನ ದೇಶಕ್ಕೆ ಮರಳು! ಮನೆ ಕಟ್ಟಲು ಹವಳದ ಮರಳು ಆಗುವುದಿಲ್ಲ, ಅದನ್ನು ತೆಗೆದರೆ ದ್ವೀಪವೂ ಉಳಿಯುವುದಿಲ್ಲ.

ಬಂದದ್ದೆಲ್ಲ ಕೊನೆಗೆ ಕಸ ಆಗಬೇಕಲ್ಲ. ಮಾಲೆಯ ಪಶ್ಚಿಮಕ್ಕೆ ತಿಲಫುಶಿ ಅಂತ ಒಂದು ದ್ವೀಪ ಇದೆ. ಅದು ಹವಳದ್ದಲ್ಲ, ಕಸದ್ದು. 1992ರಿಂದ ಲಗೂನಿಗೆ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ತಿಳಿನೀರಿಗೆ, ಕಸ ತುಂಬುತ್ತಾ ತುಂಬುತ್ತಾ ಆದ ನೆಲ. ವರ್ಷಗಟ್ಟಲೆ ಅಲ್ಲಿ ಬಯಲಲ್ಲೇ ಸುಡುತ್ತಿದ್ದರು, ಗಾಳಿ ತಿರುಗಿದರೆ ಹೊಗೆ ಮಾಲೆಗೆ ಬರುತ್ತಿತ್ತು. 2021ರಲ್ಲಿ ಸುಡುವುದು ನಿಂತಿತು, ಕಸ ಬರುವುದು ನಿಲ್ಲಲಿಲ್ಲ. ಹಾಗಾಗಿ ಚಿಪ್ಸ್ ಪ್ಯಾಕೆಟ್ಟು, ಖಾಲಿ ಟ್ಯೂಬು, ಬ್ಯಾಟರಿ ಎಲ್ಲ ನಿಮ್ಮ ಸೂಟ್‌ಕೇಸಿನಲ್ಲೇ ವಾಪಸ್ ತನ್ನಿ. ಬೆಂಗಳೂರಿನ ಕಸದ ಕಥೆ ನನಗೂ ಗೊತ್ತು. ಆದರೂ ಇಲ್ಲಿ ಜಾಗ ಅಂತ ಇದೆ.

ಮೀನು ಹಿಡಿಯುವುದನ್ನು ಮಾತ್ರ ನೀವು ನೋಡಲೇಬೇಕು. ಊರಿನಲ್ಲಿ ಉಳಿದರೆ ಯಾವುದಾದರೂ ದೋಣಿಯವರನ್ನು ಕೇಳಿ, ಮನಸ್ಸಿದ್ದರೆ ಕರೆದುಕೊಂಡು ಹೋಗುತ್ತಾರೆ. ಬಲೆಯಲ್ಲಿ ಟ್ಯೂನಾ ಹಿಡಿಯುವ ಪದ್ಧತಿ ಅಲ್ಲಿಲ್ಲ, ಗಾಳವೇ. ಮೊದಲು ಹವಳದ ಹತ್ತಿರ ಸಣ್ಣ ಮೀನು ಹಿಡಿದು ದೋಣಿಯ ಹೊಟ್ಟೆಯಲ್ಲಿ, ಸಮುದ್ರದ ನೀರು ಆಡುತ್ತಿರುವ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಮೇಲೆ ಹಕ್ಕಿಗಳ ಗುಂಪು ಹುಡುಕಿಕೊಂಡು ಹೊರಗಿನ ಸಮುದ್ರಕ್ಕೆ ಹೋಗುತ್ತಾರೆ. ಹಕ್ಕಿ ಇದ್ದಲ್ಲಿ ಟ್ಯೂನಾ. ಸಣ್ಣ ಮೀನನ್ನು ಎರಚುತ್ತಾರೆ, ದೋಣಿಯ ಹಿಂಬದಿಯಿಂದ ನೀರನ್ನು ಮಳೆಯ ಹಾಗೆ ಚಿಮುಕಿಸುತ್ತಾರೆ. ಮೇಲ್ಮೈಯಲ್ಲಿ ಸಣ್ಣ ಮೀನುಗಳ ದೊಡ್ಡ ಹಿಂಡೇ ಇದೆ ಅಂದುಕೊಂಡು ಟ್ಯೂನಾ ಹುಚ್ಚೆದ್ದು ಮೇಲೆ ಬರುತ್ತದೆ. ಸಾಲಾಗಿ ನಿಂತವರು ಉದ್ದ ಕೋಲು ಬೀಸುತ್ತಾರೆ. ಗಾಳಕ್ಕೆ ಹಿಮ್ಮುಳ್ಳು ಇರುವುದಿಲ್ಲ, ಎಳೆದು ತಲೆಯ ಮೇಲಿಂದ ಹಿಂದಕ್ಕೆ ಒಗೆದರೆ ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಕೋಲು ಮತ್ತೆ ನೀರಿಗೆ. ಧಪ್ ಧಪ್ ಧಪ್ ಅಂತ ಸದ್ದು, ರಕ್ತ, ಕೂಗಾಟ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮುಗಿದಿರುತ್ತದೆ. ಆಮೆ, ಡಾಲ್ಫಿನ್ ಸಿಕ್ಕಿ ಸಾಯುವ ಪ್ರಶ್ನೆ ಬಹಳ ಕಡಿಮೆ. 2010ರಲ್ಲಿ ಶಾರ್ಕ್ ಹಿಡಿಯುವುದನ್ನೂ ಆ ದೇಶ ನಿಲ್ಲಿಸಿತು. ನಮ್ಮ ಕರಾವಳಿಯಲ್ಲಿ ಎರಡು ದೋಣಿ ಸೇರಿ ಬಲೆ ಎಳೆಯುವ ಬುಲ್ ಟ್ರಾಲ್, ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಜಗಳ ಇನ್ನೂ ಮುಗಿದಿಲ್ಲ. ಇದನ್ನು ಓದುವ ಮೀನುಗಾರಿಕೆ ಇಲಾಖೆಯವರು ಯಾರಾದರೂ ಇದ್ದರೆ ನೀವೂ ಹೋಗಿ ಬನ್ನಿ, ಆದರೆ ರೆಸಾರ್ಟಿಗಲ್ಲ.

ಬೆಳಿಗ್ಗೆ ಅದೇ ಟ್ಯೂನಾವನ್ನು ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ನಿಂಬೆರಸದ ಜೊತೆ ಕೈಯಲ್ಲೇ ಕಿವುಚಿ ಮಾಡಿದ 'ಮಾಸ್ ಹುನಿ' ಕೊಡುತ್ತಾರೆ, ಜೊತೆಗೆ ನಮ್ಮ ಚಪಾತಿಯಂಥ ರೋಶಿ. ಮೀನು ತಿನ್ನದವರಿಗೆ ಜೀಗುಜ್ಜೆ (ದೀವಿ ಹಲಸು) ಇದೆ, ಹೆಚ್ಚಿ ಗರಿಗರಿ ಕರಿದು ಕೊಡುತ್ತಾರೆ. ಮಂಗಳೂರು ಕಡೆಯವರಿಗೆ ಮನೆ ನೆನಪಾಗುವುದು ಗ್ಯಾರಂಟಿ.

ಜನ ಎಷ್ಟು ಅಂದರೆ, 2022ರ ಜನಗಣತಿಯಂತೆ ಸುಮಾರು 5.15 ಲಕ್ಷ. ಅದರಲ್ಲಿ 1.3 ಲಕ್ಷದಷ್ಟು ವಿದೇಶಿಯರು. ನಿಮ್ಮ ಹಾಸಿಗೆ ಮೇಲೆ ಟವೆಲಿನ ಹಂಸ ಮಾಡಿಡುವವನು ಬಾಂಗ್ಲಾದೇಶದವನೋ ಭಾರತದವನೋ ಆಗಿರಬಹುದು. ದೇಶದ ಹತ್ತರಲ್ಲಿ ನಾಲ್ಕು ಜನ ಮಾಲೆ, ಹುಲ್ಹುಮಾಲೆ ಸೇರಿದ ರಾಜಧಾನಿಯ ಸುತ್ತಲೇ ತುಂಬಿದ್ದಾರೆ. ಅದರಲ್ಲಿ ಹುಲ್ಹುಮಾಲೆ ಸಮುದ್ರ ತುಂಬಿಸಿ ಮಾಡಿದ ಊರು. ಒಂದು ಅರ್ಧ ದಿನ ಮಾಲೆಯಲ್ಲಿ ನಡೆಯಿರಿ. 1658ರ ಹಳೆಯ ಶುಕ್ರವಾರದ ಮಸೀದಿಯ ಗೋಡೆಗಳನ್ನು ಹವಳದ ಕಲ್ಲಿನಲ್ಲಿ ಕೆತ್ತಿದ್ದಾರೆ, ನೋಡಿ. ಆಮೇಲೆ ಪಕ್ಕದ ಗಲ್ಲಿಗಳಿಗೂ ಹೋಗಿ. ಕೂಲಿಯವರು ಒಂದೊಂದು ಕೋಣೆಯಲ್ಲಿ ಎಷ್ಟೆಷ್ಟು ಜನ ಮಲಗುತ್ತಾರೆ ಅಂತ ಕೇಳಿ ನೋಡಿ. 2022ರ ನವೆಂಬರ್‌ನಲ್ಲಿ ಅಂಥ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು 10 ಜನ ಸತ್ತರು. ಹೆಚ್ಚಿನವರು ಭಾರತೀಯರು.

2024ರ ಜನವರಿಯ ಜಗಳ ನಿಮಗೆ ನೆನಪಿರಬಹುದು. ಅಲ್ಲಿನ ಕೆಲವು ಉಪಮಂತ್ರಿಗಳು ನಮ್ಮ ಪ್ರಧಾನಿ ಬಗ್ಗೆ ಬರೆಯಬಾರದ್ದು ಬರೆದರು, ಅಮಾನತಾದರು. ನಮ್ಮವರು ಬುಕಿಂಗ್ ರದ್ದು ಮಾಡಿದರು. 2023ರಲ್ಲಿ 2 ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು ಮರುವರ್ಷ 1.3 ಲಕ್ಷದ ಆಸುಪಾಸಿಗೆ ಇಳಿದರು. ಸಿಟ್ಟು ಬಂದದ್ದು ಸಹಜ. ಆದರೆ ದೊಡ್ಡ ರೆಸಾರ್ಟುಗಳು ಬೇರೆ ದೇಶದವರಿಂದ ಕೋಣೆ ತುಂಬಿಸಿಕೊಳ್ಳಬಲ್ಲವು. ಆರೆಂಟು ಕೋಣೆಯ ಗೆಸ್ಟ್‌ಹೌಸ್ ಇಟ್ಟವರಿಗೆ ಅದು ಅಷ್ಟು ಸುಲಭವಲ್ಲ. 2009ರ ಹೊತ್ತಿಗೆ ಜನ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸಿಗೆ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಪ್ರವಾಸಿಗರನ್ನು ಊರಿನವರಿಂದ ದೂರ ಇಡುವುದೇ ಸರ್ಕಾರದ ನೀತಿ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾದ ಮೇಲೆ ಬಹಳ ಕಾಲ ಊರಿನವನಿಗೆ ಪ್ರವಾಸೋದ್ಯಮ ಅಂದರೆ ದೂರದ ದ್ವೀಪದಲ್ಲಿ ಮನೆ ಬಿಟ್ಟು ನೌಕರಿ, ಅಷ್ಟೇ. ಈಗ ಅವನ ಅಂಗಳಕ್ಕೂ ನಾಲ್ಕು ಕಾಸು ಬರುತ್ತಿದೆ.

ನಮಗೆ ಹಿಡಿಸದ ವಿಷಯಗಳೂ ಅಲ್ಲಿವೆ. ಮುಸ್ಲಿಮರಲ್ಲದವರು ಅಲ್ಲಿನ ಪೌರರಾಗುವಂತಿಲ್ಲ. ಪೂಜೆಯ ವಿಗ್ರಹ ಒಯ್ಯುವಂತಿಲ್ಲ, ಬ್ಯಾಗಿನಲ್ಲಿ ಪುಟ್ಟ ಗಣಪತಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಮದ್ಯ ರೆಸಾರ್ಟಿನಲ್ಲಿ ಸಿಗುತ್ತದೆ, ಊರಿನಲ್ಲಿ ಇಲ್ಲ. ಬಿಕಿನಿಗೆ ಬೇರೆ ಬೀಚ್ ಗೊತ್ತು ಮಾಡಿರುತ್ತಾರೆ, ಊರೊಳಗೆ ಮೈತುಂಬ ಬಟ್ಟೆ ಇರಲಿ. ಒಂದು ಕಡೆ ಸಮುದ್ರ ಏರುತ್ತಿದೆ ಅಂತ ಲೋಕಕ್ಕೆ ಹೇಳುತ್ತಾ ಇನ್ನೊಂದು ಕಡೆ ಲಗೂನುಗಳಿಗೆ ಮರಳು ಸುರಿದು ಹವಳ ಮುಚ್ಚುವುದನ್ನೂ ಅವರ ಸರ್ಕಾರ ಬಿಟ್ಟಿಲ್ಲ. ಅದರ ಬಗ್ಗೆ ಅಲ್ಲಿನವರೇ ಜಗಳ ಆಡುತ್ತಿದ್ದಾರೆ. ನಾವು ಕೇಳಿಸಿಕೊಂಡರೆ ಸಾಕು.

ಇನ್ನು ಲೆಕ್ಕಾಚಾರ. ನಿಮ್ಮ ಟ್ರಾವೆಲ್ ಏಜೆಂಟ್ ಬಹುಶಃ "ಲೋಕಲ್ ಐಲ್ಯಾಂಡಲ್ಲಿ ಏನೂ ಇರಲ್ಲ ಸಾರ್" ಅನ್ನುತ್ತಾರೆ. ಕಮಿಷನ್ ಇರಲ್ಲ ಅಂತ ಅರ್ಥ. ನೀವೇ ನೇರವಾಗಿ ಗೆಸ್ಟ್‌ಹೌಸಿಗೆ ಬರೆಯಿರಿ. ಮಾಫುಶಿ ಎಂಬ ದ್ವೀಪ ಮಾಲೆಗೆ ಹತ್ತಿರ, ಆದರೆ ಈಗ ಅಲ್ಲಿ ಗದ್ದಲ ಜಾಸ್ತಿ. ಮಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳನ್ನು ನೋಡುವ ಆಸೆ ಇದ್ದರೆ ಮೇಯಿಂದ ನವೆಂಬರ್ ಒಳಗೆ 'ಬಾ' ಎಂಬ ಅಟಾಲ್‌ಗೆ ಹೋಗಿ, ಅಲ್ಲಿನ ಹನಿಫರು ಕೊಲ್ಲಿಗೆ ಪ್ಲಾಂಕ್ಟನ್ ಎಂಬ ತೇಲುವ ಸಣ್ಣ ಜೀವಿಗಳನ್ನು ತಿನ್ನಲು ಅವು ಗುಂಪಾಗಿ ಬರುತ್ತವೆ. ಆ ಅಟಾಲ್ 2011ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಕೊಲ್ಲಿಯಲ್ಲಿ ಸ್ನಾರ್ಕೆಲ್ (ಮಾಸ್ಕ್, ಉಸಿರುನಳಿಕೆ ಹಾಕಿ ಮೇಲೆ ಈಜುವುದು) ಮಾತ್ರ, ಸಿಲಿಂಡರ್ ಕಟ್ಟಿಕೊಂಡು ಇಳಿಯುವಂತಿಲ್ಲ. ಪ್ರವಾಸಿಗರು ಕೊಡಬೇಕಾದ ಹಸಿರು ತೆರಿಗೆ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್, ಊರಿನ ಸಣ್ಣ ಗೆಸ್ಟ್‌ಹೌಸಿನಲ್ಲಿ ಅದರ ಅರ್ಧ. ಸರ್ಕಾರಿ ಫೆರ್ರಿ ಬಹಳ ಅಗ್ಗ, ನಿಧಾನ. ಶುಕ್ರವಾರ ಸಾಮಾನ್ಯವಾಗಿ ಓಡುವುದಿಲ್ಲ, ಅಂಗಡಿಗಳೂ ನಮಾಜಿನ ಹೊತ್ತಿಗೆ ಮುಚ್ಚುತ್ತವೆ. ವಾಪಸಿನ ವಿಮಾನ ಶನಿವಾರ ಬೆಳಿಗ್ಗೆ ಇದ್ದರೆ ಗುರುವಾರವೇ ಮಾಲೆಗೆ ಬಂದುಬಿಡಿ. ಇಲ್ಲವಾದರೆ ಸ್ಪೀಡ್‌ಬೋಟಿನವನು ಕೇಳಿದಷ್ಟು ಕೊಡಬೇಕಾಗುತ್ತದೆ.

ಇಂತಿ,
ಅಲ್ಲಿ ಕೆಲವು ವರ್ಷ ಅನ್ನ ತಿಂದ ಒಬ್ಬ ಕನ್ನಡಿಗ